ಹೈಸ್ಕೂಲ್ ಮಕ್ಕಳಿಗೆ ಡಿಜಿಟಲ್ ಖಾಸಗಿತನ ಮತ್ತು ಸ್ವತಂತ್ರ ತಂತ್ರಾಂಶ: ಐದು ಶನಿವಾರಗಳ ಕಾರ್ಯಾಗಾರ ನಡೆಸುವ ಬಗೆ

ಶಾಲೆಗಳಲ್ಲಿ ಸೈಬರ್ ಸುರಕ್ಷತೆ ಎಂದರೆ ಹೆಚ್ಚಾಗಿ ಒಂದು ಗಂಟೆಯ ಭಾಷಣ. ಗುರುತಿಲ್ಲದವರ ಜೊತೆ ಮಾತಾಡಬೇಡಿ, ಫೋಟೊ ಹಾಕಬೇಡಿ, ಮೊಬೈಲ್ ಮುಟ್ಟಬೇಡಿ. ಮಕ್ಕಳು ತಲೆಯಾಡಿಸಿ ಎದ್ದು ಹೋಗುತ್ತಾರೆ. ಮುಂದೆ ಏನಾದರೂ ಎಡವಟ್ಟಾದರೆ, ‘ಅವತ್ತೇ ಹೇಳಿರಲಿಲ್ಲವಾ’ ಎಂಬ ಬೈಗುಳಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ಹೀಗೆ ಬಾಯಿ ಬಿಡದೆ ಒಳಗೊಳಗೇ ಬೇಯುವ ಮಗುವೇ ಬೆದರಿಸುವವರ ಕೈಗೆ ಸುಲಭವಾಗಿ ಸಿಗುವುದು. ಅದಕ್ಕೇ ಈ ಕಾರ್ಯಾಗಾರದಲ್ಲಿ ಹೆದರಿಸುವ ಮಾತಿಗೆ ಜಾಗವಿಲ್ಲ. ತಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕು, ತಂತ್ರಾಂಶವನ್ನು ಬಿಚ್ಚಿ ನೋಡುವ ಧೈರ್ಯ ಬರಬೇಕು, ತೊಂದರೆಯಾದ ದಿನ ಯಾರ ಹತ್ತಿರ ಹೋಗಬೇಕು ಎಂಬುದು ಮೊದಲೇ ಗೊತ್ತಿರಬೇಕು. ಎಂಟರಿಂದ ಹತ್ತನೇ ತರಗತಿಯ 24 ಮಕ್ಕಳಿಗೆ, ದಿನಕ್ಕೆ 90 ನಿಮಿಷದಂತೆ, ಐದು ಶನಿವಾರಕ್ಕೆ ಹೊಂದುವಂತೆ ಇದನ್ನು ಬರೆದಿದ್ದೇವೆ. ಪಿಯು ಮಕ್ಕಳಿಗೂ ಒಪ್ಪುತ್ತದೆ.

ಶುರುವಿಗೆ ಮೊದಲು

ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಎಸ್‌ಡಿಎಂಸಿಯವರನ್ನೂ ಪೋಷಕರನ್ನೂ ಅರ್ಧ ಗಂಟೆ ಕೂರಿಸಿ ಮಾತಾಡಿ. ಅಲ್ಲಿ ಪೋಷಕರಿಂದ ಒಂದೇ ಒಂದು ಮಾತು ತೆಗೆದುಕೊಳ್ಳಿ: ಮಗು ತಾನಾಗಿ ಬಂದು ತೊಂದರೆ ಹೇಳಿಕೊಂಡರೆ ಅದಕ್ಕೆ ಶಿಕ್ಷೆಯಾಗಿ ಫೋನ್ ಕಿತ್ತುಕೊಳ್ಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ. ಏಕೆಂದರೆ ತಪ್ಪು ಯಾರದ್ದಾದರೂ ಮೊದಲು ಫೋನ್ ಕಳೆದುಕೊಳ್ಳುವವರು ಅವರು.

ಸಾಮಾನು ಇಷ್ಟು ಬೇಕು: ಎಂಟು ಕಂಪ್ಯೂಟರ್ (ಮೂವರಿಗೊಂದು), ಒಂದು ಪ್ರೊಜೆಕ್ಟರ್, 8 ಜಿಬಿಯ ಎರಡು ಪೆನ್‌ಡ್ರೈವ್, ಗುಂಪಿಗೆ ಮೂರರಂತೆ 24 ದಾಳ, 30 ಪೋಸ್ಟ್‌ಕಾರ್ಡ್, 40 ಲಕೋಟೆ, ಮತ್ತು ಪಾಠಕ್ಕೆಂದೇ ಇಟ್ಟ ಒಂದು ಹಳೆಯ ಆಂಡ್ರಾಯ್ಡ್ ಫೋನ್. ಈ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಖಾತೆ ತೆರೆದು, ಬೇರೆ ಸಿಮ್ ಹಾಕಿ. ನಿಮ್ಮ ಸ್ವಂತ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಬೇಡಿ. ನಡುವೆ ಬರುವ ಒಂದು ಸಂದೇಶ ಸಾಕು, ಖಾಸಗಿತನದ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಫೋನಿನ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಲು ಸ್ಕ್ರ್‌ಸಿಪಿವೈ ಎಂಬ ಸ್ವತಂತ್ರ ತಂತ್ರಾಂಶವಿದೆ (ಯಾರು ಬೇಕಾದರೂ ಬಳಸಿ, ಒಳಗೆ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಸ್ವತಂತ್ರ ತಂತ್ರಾಂಶ ಎನ್ನುತ್ತಾರೆ). ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದರೆ ಆಯಿತು. ಪಾಠ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲು ಮರೆಯಬೇಡಿ.

ನಡೆಸುವವರು ತಾವೇ ಪಾಲಿಸಬೇಕಾದ ಕೆಲವು ನಿಯಮಗಳಿವೆ. ಮಕ್ಕಳ ಫೋನ್ ಕೇಳಿ ಕೈಗೆ ತೆಗೆದುಕೊಳ್ಳಬಾರದು. ಹಾಜರಿಯೂ ಅಭಿಪ್ರಾಯವೂ ಕಾಗದದಲ್ಲೇ ಇರಲಿ, ಆನ್‌ಲೈನ್ ಫಾರ್ಮ್ ಬೇಡ. ಮಕ್ಕಳ ಮುಖ ಕಾಣುವ ಫೋಟೊ ತೆಗೆದು ‘ಕಾರ್ಯಾಗಾರ ಯಶಸ್ವಿ’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಬಾರದು. ಮೇಷ್ಟ್ರು ಹೇಳುವುದೊಂದು, ಮಾಡುವುದೊಂದು ಆದರೆ ಅದನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

ಮೊದಲ ಶನಿವಾರ: ಸಂದೇಶದ ದಾರಿ

ಕಂಪ್ಯೂಟರ್ ಆನ್ ಮಾಡಬೇಡಿ. ಐವರನ್ನು ಸಾಲಾಗಿ ನಿಲ್ಲಿಸಿ: ಕಳಿಸುವ ಹುಡುಗಿ, ಮೊಬೈಲ್ ಟವರ್, ಇಂಟರ್ನೆಟ್ ಕಂಪನಿ, ಆ್ಯಪ್‌ನವರ ಸರ್ವರ್, ಕೊನೆಗೆ ಗೆಳತಿ. ಆಟ ಮೂರು ಸುತ್ತು.

ಮೊದಲ ಸುತ್ತಿನಲ್ಲಿ ಪೋಸ್ಟ್‌ಕಾರ್ಡಿನಲ್ಲಿ ಒಂದು ಸಾಲು ಬರೆದು ಕೈಯಿಂದ ಕೈಗೆ ದಾಟಿಸಲಿ. ನಡುವಿನ ಮೂವರೂ ತಾವು ಓದಿದ್ದನ್ನು ಪಕ್ಕದ ಹಾಳೆಯಲ್ಲಿ ಬರೆದುಕೊಳ್ಳಲಿ. ಬೀಗದ ಗುರುತಿಲ್ಲದ ಹಳೆಯ ಎಚ್‌ಟಿಟಿಪಿ ಜಾಲತಾಣ ನಡೆಯುವುದು ಹೀಗೆ. ಎರಡನೇ ಸುತ್ತಿನಲ್ಲಿ ಅದೇ ಕಾರ್ಡನ್ನು ಸರ್ವರ್ ವಿಳಾಸ ಬರೆದ ಲಕೋಟೆಯೊಳಗೆ ಹಾಕಿ. ಟವರಿಗೂ ಇಂಟರ್ನೆಟ್ ಕಂಪನಿಗೂ ಈಗ ವಿಳಾಸ ಮಾತ್ರ ಕಾಣುತ್ತದೆ. ಆದರೆ ಸರ್ವರ್ ಆದ ಹುಡುಗ ಲಕೋಟೆ ಒಡೆದು ಓದಿ, ಬೇರೆ ಲಕೋಟೆಗೆ ಹಾಕಿ ಮುಂದೆ ಕಳಿಸುತ್ತಾನೆ. ಇದು ಎಚ್‌ಟಿಟಿಪಿಎಸ್. ಮೂರನೇ ಸುತ್ತಿನಲ್ಲಿ ಲಕೋಟೆಯೊಳಗೆ ಇನ್ನೊಂದು ಲಕೋಟೆ. ಒಳಗಿನದ್ದನ್ನು ಗೆಳತಿ ಮಾತ್ರ ಒಡೆಯಬಹುದು. ಸಿಗ್ನಲ್, ವಾಟ್ಸ್ಆ್ಯಪ್‌ಗಳಲ್ಲಿರುವ ಎಂಡ್-ಟು-ಎಂಡ್ ಗೂಢಲಿಪಿ ಇದು.

ಮೂರನೇ ಸುತ್ತು ಮುಗಿದೊಡನೆ ಆಟ ನಿಲ್ಲಿಸಬೇಡಿ. ಇಲ್ಲಿಂದಲೇ ನಿಜವಾದ ಪಾಠ. ಸರ್ವರ್ ಪಾತ್ರದ ಹುಡುಗನ ಹಾಳೆ ಖಾಲಿಯಾಗಿರುವುದಿಲ್ಲ. ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ದಿನಕ್ಕೆ ಎಷ್ಟು ಸಲ ಎಂಬುದನ್ನು ಅವನು ಬರೆದಿರುತ್ತಾನೆ. ಹಾಳೆಯನ್ನು ಗಟ್ಟಿಯಾಗಿ ಓದಿಸಿ, ‘ರಾತ್ರಿ 11ಕ್ಕೆ ಇವಳು ಆಸ್ಪತ್ರೆಯ ನಂಬರಿಗೆ ನಾಲ್ಕು ಸಲ ಸಂದೇಶ ಕಳಿಸಿದಳು ಅಂದರೆ ಏನು ತಿಳಿಯುತ್ತೆ?’ ಎಂದು ಕೇಳಿ. ಒಳಗಿನ ಮಾತು ಒಂದಕ್ಷರವೂ ಗೊತ್ತಿಲ್ಲದೆ ಎಷ್ಟೆಲ್ಲ ಊಹಿಸಬಹುದು ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಇನ್ನೊಂದು ಮಾತನ್ನೂ ಸೇರಿಸಿ: ವಾಟ್ಸ್ಆ್ಯಪ್ ಚಾಟ್ ದಾರಿಯಲ್ಲಿ ಭದ್ರವಾಗಿದ್ದರೂ, ಅದರ ಕ್ಲೌಡ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ರಕ್ಷಣೆ ಬೇಕೆಂದರೆ ಸೆಟ್ಟಿಂಗ್ಸಿನಲ್ಲಿ ನಾವೇ ಆನ್ ಮಾಡಬೇಕು.

‘ನಾನೇನು ತಪ್ಪು ಮಾಡಿಲ್ಲ, ಮುಚ್ಚಿಡೋದು ಏನಿದೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ವಿಷಯ ಹೇಳಲು ಇದೇ ಸಮಯ. ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ತಪ್ಪು ಮಾಡಿದವರು ಬಚ್ಚಿಟ್ಟುಕೊಳ್ಳಲು ಇರುವ ಸೌಲಭ್ಯ ಇದಲ್ಲ, ಬದುಕುವ ಹಕ್ಕಿನದ್ದೇ ಭಾಗ ಎಂದು ನಮ್ಮದೇ ನಾಡಿನ ಹಿರಿಯರೊಬ್ಬರ ಹೆಸರಿನ ತೀರ್ಪು ಹೇಳುತ್ತದೆ ಎಂದರೆ ಮಕ್ಕಳು ಕಿವಿಗೊಡುತ್ತಾರೆ.

ಎರಡನೇ ಶನಿವಾರ: ಆ್ಯಪ್ ಕೇಳುವ ಅನುಮತಿಗಳು

ಪಾಠದ ಫೋನಿಗೆ ಹಿಂದಿನ ದಿನವೇ ಹತ್ತು ಆ್ಯಪ್ ಹಾಕಿಡಿ: ಒಂದು ಟಾರ್ಚ್, ಒಂದು ಆಟ, ಫೋಟೊ ಚಂದಗಾಣಿಸುವ ಆ್ಯಪ್, ಕನ್ನಡ ಕೀಬೋರ್ಡ್, ಕ್ಯಾಲೆಂಡರ್, ಹೀಗೆ. ಸೆಟ್ಟಿಂಗ್ಸ್ ತೆರೆದು ಪ್ರೈವೆಸಿ, ಅಲ್ಲಿಂದ ಪರ್ಮಿಷನ್ ಮ್ಯಾನೇಜರಿಗೆ ಹೋಗಿ. ಕಂಪನಿಗೊಂದು ಥರ ಮೆನು ಇರುವುದರಿಂದ ಸೆಟ್ಟಿಂಗ್ಸಿನ ಹುಡುಕು ಪೆಟ್ಟಿಗೆಯಲ್ಲಿ ಪರ್ಮಿಷನ್ ಎಂದು ಬರೆದು ಹುಡುಕುವುದನ್ನೇ ಕಲಿಸಿ. ಪ್ರತಿ ಗುಂಪೂ ಹಾಳೆಯಲ್ಲಿ ನಾಲ್ಕು ಕಲಂ ಎಳೆಯಲಿ: ಆ್ಯಪ್, ಅದು ಕೇಳಿದ್ದು, ಅದರ ಕೆಲಸಕ್ಕೆ ಅದು ಬೇಕಾ, ಕೊಡದಿದ್ದರೆ ಏನಾಯಿತು. ನಾಲ್ಕನೇ ಕಲಂ ಊಹೆಯಿಂದ ತುಂಬುವಂತಿಲ್ಲ. ಅನುಮತಿ ತೆಗೆದು, ಆ್ಯಪ್ ಮತ್ತೆ ತೆರೆದು ನೋಡಿಯೇ ಬರೆಯಬೇಕು. ಟಾರ್ಚ್‌ಗೆ ಕಾಂಟ್ಯಾಕ್ಟ್ಸ್ ಯಾಕೆ ಎಂಬ ಪ್ರಶ್ನೆಗೆ ನೀವು ಉತ್ತರಿಸುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಕೀಬೋರ್ಡ್ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಕನ್ನಡ ಬರೆಯಲೆಂದು ಸಿಕ್ಕ ಕೀಬೋರ್ಡ್ ಆ್ಯಪ್ ಹಾಕಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಆದರೆ ಚಾಟ್, ಪಾಸ್‌ವರ್ಡ್, ವಿಳಾಸ, ಏನೇ ಒತ್ತಿದರೂ ಕೀಬೋರ್ಡ್ ದಾಟಿಯೇ ಹೋಗಬೇಕು. ನಾವು ಬರೆಯುವುದನ್ನು ಫೋನಿನಲ್ಲಿ ಅತಿ ಹೆಚ್ಚು ನೋಡುವ ಆ್ಯಪ್ ಅದೇ. ಕನ್ನಡಕ್ಕೆ ಇಂಡಿಕ್ ಕೀಬೋರ್ಡ್ ಎಂಬ ಸ್ವತಂತ್ರ ತಂತ್ರಾಂಶವಿದೆ. ಹೆಲಿಬೋರ್ಡ್ ಎಂಬ ಇನ್ನೊಂದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಒತ್ತಿದ್ದನ್ನು ಹೊರಗೆ ಕಳಿಸಲು ಅದಕ್ಕೆ ದಾರಿಯೇ ಇಲ್ಲ. ಯಾವ ಆ್ಯಪಿನೊಳಗೆ ನಮ್ಮ ಚಟುವಟಿಕೆ ಗಮನಿಸುವ ಎಷ್ಟು ಟ್ರ್ಯಾಕರ್‌ಗಳಿವೆ ಎಂದು ಎಕ್ಸೋಡಸ್ ಪ್ರೈವಸಿ ಎಂಬ ಜಾಲತಾಣದಲ್ಲಿ ಹೆಸರು ಕೊಟ್ಟು ನೋಡಬಹುದು. ಪ್ರೊಜೆಕ್ಟರಿನಲ್ಲಿ ಎರಡು ಆ್ಯಪ್ ಹೋಲಿಸಿ ತೋರಿಸಿ.

ಸಾಲ ಕೊಡುವ ಆ್ಯಪ್‌ಗಳನ್ನೂ ಹೆಸರಿಸಿ, ಮನೆಯಲ್ಲಿ ಯಾರಾದರೂ ಬಳಸುತ್ತಿರಬಹುದು. ಕಾಂಟ್ಯಾಕ್ಟ್ಸ್ ಅನುಮತಿ ಪಡೆದು, ಕಂತು ತಪ್ಪಿದರೆ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ದಂಧೆ ಅದು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೊ, ಕರೆ ಪಟ್ಟಿ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿತೆಂದರೆ ಅದನ್ನು ಅಳಿಸಿ ಹಾಕಬೇಕು.

ಇನ್ನೊಂದು, ಎಪಿಕೆ ಕಡತ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ ಕಡತದ ಬಾಲದಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಒಳಗೆ ಬಂದು ಎಸ್‌ಎಂಎಸ್ ಅನುಮತಿ ಪಡೆದು ಒಟಿಪಿಗಳನ್ನು ಹೊರಗೆ ಸಾಗಿಸುತ್ತದೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಇನ್‌ಸ್ಟಾಲ್ ಆಗು ಎನ್ನುವುದಿಲ್ಲ. ಹಾಗಾದರೆ ಸ್ವತಂತ್ರ ತಂತ್ರಾಂಶದ ಆ್ಯಪ್‌ಗಳು ಸಿಗುವ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯನ್ನೂ ಎಪಿಕೆಯಿಂದಲೇ ಹಾಕುತ್ತೇವಲ್ಲ ಎಂದು ಚುರುಕಿನ ಮಗು ಕೇಳುತ್ತದೆ. ವ್ಯತ್ಯಾಸ ಇದು: ಅದನ್ನು ನಾವಾಗಿ ಹುಡುಕಿ, ಅದರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳುತ್ತೇವೆ. ಹಾಕಿದ ಮೇಲೆ ಬ್ರೌಸರಿಗೆ ಕೊಟ್ಟ ‘ಬೇರೆ ಮೂಲದ ಆ್ಯಪ್’ ಅನುಮತಿಯನ್ನು ಕೂಡಲೇ ವಾಪಸ್ ತೆಗೆಯುತ್ತೇವೆ. ವಾಟ್ಸ್ಆ್ಯಪಿಗೆ ಆ ಅನುಮತಿ ಎಂದೂ ಬೇಡ.

ಕೊನೆಯ ಇಪ್ಪತ್ತು ನಿಮಿಷ ಫೋಟೊಗೆ. ಕ್ಯಾಮೆರಾದಲ್ಲಿ ಸ್ಥಳ ಗುರುತು ಆನ್ ಮಾಡಿ ಶಾಲೆಯ ಧ್ವಜಕಂಬದ ಫೋಟೊ ತೆಗೆಯಿರಿ. ಮಗುವಿನ ಮನೆಯ ಫೋಟೊ ಖಂಡಿತ ಬೇಡ. ಫೋಟೊದ ವಿವರ ತೆರೆದರೆ ಅಕ್ಷಾಂಶ, ರೇಖಾಂಶ ಕಾಣುತ್ತವೆ. ದಶಮಾಂಶದ ಐದನೇ ಅಂಕಿ ನೆಲದ ಮೇಲೆ ಸುಮಾರು ಒಂದು ಮೀಟರ್, ಅಂದರೆ ಕಂಬದ ಬುಡಕ್ಕೇ ಕರೆದೊಯ್ಯಬಲ್ಲ ವಿವರ (ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗಬಹುದು). ಅದೇ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಒಮ್ಮೆ ಫೋಟೊ ಆಗಿ, ಒಮ್ಮೆ ಡಾಕ್ಯುಮೆಂಟ್ ಆಗಿ ಕಳಿಸಿ, ಬಂದದ್ದನ್ನು ಪರೀಕ್ಷಿಸಿ. ಫೋಟೊ ಆಗಿ ಹೋದದ್ದರಲ್ಲಿ ಸ್ಥಳ ಅಳಿದಿರುತ್ತದೆ, ಡಾಕ್ಯುಮೆಂಟಿನಲ್ಲಿ ಹಾಗೇ ಉಳಿದಿರುತ್ತದೆ. ಆಮೇಲೆ ಸ್ಥಳದ ಗುರುತೇ ಇಲ್ಲದ, ಆದರೆ ಯೂನಿಫಾರಂ, ಬ್ಯಾಡ್ಜ್, ಹಿಂದೆ ಬಸ್ಸಿನ ಬೋರ್ಡು ಇರುವ ಚಿತ್ರವೊಂದನ್ನು ನೀವೇ ಬಿಡಿಸಿ ತಂದು ತೋರಿಸಿ, ಯಾವ ಊರಿನ ಮಗು ಎಂದು ಪತ್ತೆ ಮಾಡಿಸಿ.

ಮೂರನೇ ಶನಿವಾರ: ದಾಳ ಉರುಳಿಸಿ ಪಾಸ್‌ವರ್ಡ್

ನಾಲ್ಕು ಅಂಕಿಯ ಪಿನ್‌ಗೆ 10,000 ಸಾಧ್ಯತೆ, ಆರು ಅಂಕಿಯದ್ದಕ್ಕೆ 10 ಲಕ್ಷ. ಒಂಬತ್ತು ಚುಕ್ಕಿಯ ಪ್ಯಾಟರ್ನ್ ಲಾಕ್‌ಗೆ 3,89,112. ಆದರೆ ಗಾಜಿನ ಮೇಲೆ ಬೆರಳಿನ ಗೆರೆ ಉಳಿಯುವುದರಿಂದ ಅಷ್ಟೂ ಪ್ರಯೋಜನಕ್ಕೆ ಬರುವುದಿಲ್ಲ. ಇನ್ನು ಜನ್ಮದಿನವನ್ನೇ ಆರು ಅಂಕಿಯ ಪಿನ್ ಮಾಡಿಕೊಂಡರೆ? ಹತ್ತನೇ ತರಗತಿಯ ಮಗು ಹುಟ್ಟಿರಬಹುದಾದ ಮೂರು ವರ್ಷಗಳಲ್ಲಿ ಇರುವುದು ಸುಮಾರು 1,100 ದಿನ. ಹತ್ತು ಲಕ್ಷ 1,100ಕ್ಕೆ ಇಳಿಯಿತು. ಈ ಲೆಕ್ಕವನ್ನು ಕರಿಹಲಗೆಯಲ್ಲಿ ಮಕ್ಕಳಿಂದಲೇ ಮಾಡಿಸಿ. ಗಣಿತದ ಮೇಷ್ಟ್ರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಈಗ ತರಗತಿಯದೇ ಪದಪಟ್ಟಿ ಮಾಡಬೇಕು. ಮೂರು ದಾಳ ಉರುಳಿಸಿದರೆ 6×6×6, ಅಂದರೆ 216 ಫಲಿತಾಂಶ. 24 ಮಕ್ಕಳು ತಲಾ ಒಂಬತ್ತು ಪದ ಕೊಟ್ಟರೆ ಸರಿಯಾಗಿ 216. ಪದಗಳಿಗೆ ನಿಯಮ: ಕನ್ನಡದ ಮಾಮೂಲು ವಸ್ತು, ಪ್ರಾಣಿ, ತಿಂಡಿ, ಕೆಲಸದ ಹೆಸರು ಆಗಬಹುದು; ವ್ಯಕ್ತಿಯ ಹೆಸರು, ಊರ ಹೆಸರು ಬೇಡ; ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ನಾಲ್ಕರಿಂದ ಏಳು ಅಕ್ಷರ ಇರಬೇಕು. ಒಂದು ಪದಕ್ಕೆ ಒಂದೇ ಕಾಗುಣಿತ ಎಂದು ಮೊದಲೇ ತೀರ್ಮಾನಿಸಿ ಹಾಳೆಯ ಮೇಲೆ ಬರೆದುಬಿಡಿ. ‘ಹುರುಳಿ’ಯ ಕೊನೆಗೆ ಒಂದು ಐ ಹಾಕಬೇಕೋ ಎರಡು ಇ ಹಾಕಬೇಕೋ ಎಂಬ ಗೊಂದಲದಲ್ಲಿ ಮರುದಿನ ಲಾಗಿನ್ ಆಗದೆ ಕೂರುವುದು ಅತಿ ಸಾಮಾನ್ಯ ಸಮಸ್ಯೆ. ಪಟ್ಟಿಗೆ 111ರಿಂದ 666ರವರೆಗೆ, ಒಂದರಿಂದ ಆರರ ಅಂಕಿಗಳನ್ನು ಮಾತ್ರ ಬಳಸಿ ಸಂಖ್ಯೆ ಕೊಡಿ.

ಮಗು ಮೂರು ದಾಳವನ್ನು ಒಟ್ಟಿಗೆ ಉರುಳಿಸಿ, ಎಡದಿಂದ ಬಲಕ್ಕೆ ಓದಿ, ಆ ಸಂಖ್ಯೆಯ ಪದ ಬರೆದುಕೊಳ್ಳಬೇಕು. ಹೀಗೆ ಆರು ಸಲ. ‘ಹುರುಳಿ ಮಿಂಚು ಗೋಲಿ ಸೌದೆ ಬೆಲ್ಲ ಕೊಡಲಿ’ ಥರದ್ದೇನೋ ಬರುತ್ತದೆ. ಇದೇ ಉದಾಹರಣೆಯನ್ನು ಯಾರೂ ಬಳಸಬಾರದು. ಆರು ಪದಕ್ಕೆ 216ರ ಆರನೇ ಘಾತ, ಅಂದರೆ ಸುಮಾರು ನೂರು ಲಕ್ಷ ಕೋಟಿ ಸಾಧ್ಯತೆ. ಎಂಟು ಸಣ್ಣಕ್ಷರಗಳನ್ನು ಮನಬಂದಂತೆ ಒತ್ತಿದರೆ ಸುಮಾರು 20,882 ಕೋಟಿ. ಪಟ್ಟಿ ಇಡೀ ತರಗತಿಗೆ ಗೊತ್ತಿದ್ದರೂ ತೊಂದರೆ ಇಲ್ಲ, ಬಲವಿರುವುದು ದಾಳದಲ್ಲಿ. ಅದಕ್ಕೇ ಎರಡು ಕಡೆ ಕಣ್ಣಿಡಿ. ಇಷ್ಟವಾದ ಪದ ಬರುವವರೆಗೆ ಮತ್ತೆ ಮತ್ತೆ ಉರುಳಿಸುವ ಮಕ್ಕಳಿರುತ್ತಾರೆ. ಹಾಗೆ ಆರಿಸಿದ್ದು ದಾಳದ ಆಯ್ಕೆಯಲ್ಲ, ಗೆಳೆಯರು ಊಹಿಸಬಲ್ಲ ಆಯ್ಕೆ. ದಾಳಗಳನ್ನು ದೊಡ್ಡ ಸಂಖ್ಯೆ ಮೊದಲು ಬರುವಂತೆ ಜೋಡಿಸಿ ಓದುವವರೂ ಇರುತ್ತಾರೆ. ಆಗ 216 ಫಲಿತಾಂಶ 56ಕ್ಕೆ ಕುಸಿಯುತ್ತದೆ.

ಈ ಆರು ಪದ ಇಮೇಲ್ ಖಾತೆಗೆ. ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಬಾಗಿಲು ಅದೇ ಆದ್ದರಿಂದ ಮೊದಲ ರಕ್ಷಣೆ ಅದಕ್ಕೆ. ಕಾಗದದಲ್ಲಿ ಬರೆದು ಮನೆಯಲ್ಲಿ ಮಾರ್ಕ್ಸ್‌ಕಾರ್ಡ್ ಜೊತೆ ಇಡುವುದು ತಪ್ಪೇನಲ್ಲ, ಫೋನಿನ ಕವರಿನೊಳಗೆ ಇಡುವುದು ತಪ್ಪು. ಉಳಿದ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಬೀಗ ಹಾಕಿ ಇಡಲು ಕೀಪಾಸ್‌ಎಕ್ಸ್‌ಸಿ ಕಲಿಸಿ. ಇದೂ ಸ್ವತಂತ್ರ ತಂತ್ರಾಂಶ, ಇಂಟರ್ನೆಟ್ ಇಲ್ಲದೆಯೇ ನಡೆಯುತ್ತದೆ.

ಎರಡು ಹಂತದ ಪರಿಶೀಲನೆಗೆ ಬಂದಾಗ ನಮ್ಮ ಮಕ್ಕಳ ಪರಿಸ್ಥಿತಿ ನೆನಪಿರಲಿ. ಬಹುಪಾಲು ಮಕ್ಕಳ ಒಟಿಪಿ ಬರುವುದು ಅಪ್ಪನ ಅಥವಾ ಅಣ್ಣನ ನಂಬರಿಗೆ. ರೀಚಾರ್ಜ್ ಆಗದೆ ಸಿಮ್ ಸತ್ತರೆ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರಿಗೆ ಹೋಗಬಹುದು, ಜೊತೆಗೆ ಖಾತೆಯ ಬೀಗದ ಕೈಯೂ ಹೋಗುತ್ತದೆ. ಗೂಗಲ್ ಖಾತೆಯಲ್ಲಿ ಎಂಟು ಅಂಕಿಯ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಕಾಗದಕ್ಕೆ ಬರೆಸಿ. ಒಂದು ಕೋಡ್ ಒಂದೇ ಸಲ ಕೆಲಸ ಮಾಡುತ್ತದೆ, ಬಳಸಿದ್ದನ್ನು ಹೊಡೆದು ಹಾಕಬೇಕು.

ಸ್ಕಾಲರ್‌ಶಿಪ್ ಅರ್ಜಿಯ ಕಾಲದಲ್ಲಿ ಮಕ್ಕಳು ಸೈಬರ್ ಸೆಂಟರಿಗೆ ಹೋಗಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಾಸ್‌ವರ್ಡ್ ಎಲ್ಲವನ್ನೂ ಕೊಟ್ಟು ಬರುತ್ತಾರೆ. ಪಾಸ್‌ವರ್ಡನ್ನು ತಾವೇ ಒತ್ತಬೇಕು, ಬ್ರೌಸರ್ ‘ಉಳಿಸಲೇ?’ ಎಂದರೆ ಬೇಡ ಎನ್ನಬೇಕು. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಿ, ಡೌನ್‌ಲೋಡ್ಸ್ ಫೋಲ್ಡರಿನ ಪಿಡಿಎಫ್‌ಗಳನ್ನು ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಬೇಕು. ಪೂರ್ತಿ ಸಂಖ್ಯೆ ಕಡ್ಡಾಯವಲ್ಲದ ಕಡೆ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಸಾಕು. ಜೆರಾಕ್ಸ್ ಮೇಲೆ ‘ಸ್ಕಾಲರ್‌ಶಿಪ್ ಅರ್ಜಿಗೆ ಮಾತ್ರ’ ಎಂದು ತಾರೀಕು ಸಮೇತ ಅಡ್ಡಲಾಗಿ ಬರೆಯುವುದು ಹಳೆಯ ಅಭ್ಯಾಸ, ಈಗಲೂ ಒಳ್ಳೆಯದೇ.

ನಾಲ್ಕನೇ ಶನಿವಾರ: ತೊಂದರೆ ಬಂದಾಗ

ವಂಚನೆಗಳ ಪಟ್ಟಿ ಓದಿಸಬೇಡಿ, ದಿನಕ್ಕೊಂದು ಹೊಸದು ಹುಟ್ಟುತ್ತದೆ. ಎಲ್ಲದರಲ್ಲೂ ಇರುವ ಮೂರು ಗುರುತು ಕಲಿಸಿ: ಅವಸರ ಮಾಡುತ್ತಾರೆ, ಯಾರಿಗೂ ಹೇಳಬೇಡ ಅನ್ನುತ್ತಾರೆ, ಕೊನೆಗೆ ಹಣ, ಒಟಿಪಿ ಅಥವಾ ಫೋಟೊ ಕೇಳುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಬ್ಯಾಂಕ್ ಖಾತೆಯನ್ನು ಕಮಿಷನ್ನಿಗೆ ಬಳಸಲು ಕೊಡುವ ಪಿಯು ಹುಡುಗರು ವಂಚಕರ ಹಣ ಸಾಗಿಸಿದ ಕೇಸಿನಲ್ಲಿ ತಾವೇ ಸಿಕ್ಕಿಬೀಳುತ್ತಾರೆ. ಇನ್‌ಸ್ಟಾಗ್ರಾಂ ಖಾತೆಗೆ ಸುಳ್ಳು ಹುಟ್ಟಿದ ವರ್ಷ ಕೊಟ್ಟರೆ ಆ್ಯಪ್ ಅವರನ್ನು ವಯಸ್ಕರೆಂದೇ ತಿಳಿದು, ಮಕ್ಕಳ ಖಾತೆಗಿರುವ ತಡೆಗಳನ್ನು ಹಾಕದೇ ಇರಬಹುದು. ಇವಿಷ್ಟಕ್ಕೆ ಅರ್ಧ ಗಂಟೆ ಸಾಕು.

ಉಳಿದ ಹೊತ್ತನ್ನು ಹೇಳಲು ಕಷ್ಟವಾದ ವಿಷಯಕ್ಕೆ ಕೊಡಿ: ಖಾಸಗಿ ಫೋಟೊ ಅಥವಾ ತಿರುಚಿದ ಫೋಟೊ ಇಟ್ಟುಕೊಂಡು ಬೆದರಿಸುವುದು. ಗಂಡು, ಹೆಣ್ಣು ಇಬ್ಬರಿಗೂ ಆಗುತ್ತದೆ. ಮಕ್ಕಳಿಗೆ ಮೊದಲು ಹೇಳಬೇಕಾದದ್ದು: ಫೋಟೊ ನೀನೇ ಕಳಿಸಿದ್ದರೂ ಬೆದರಿಸಿದವನೇ ಅಪರಾಧಿ. ಆಮೇಲೆ ಮಾಡಬೇಕಾದದ್ದು ಈ ಕ್ರಮದಲ್ಲಿ. ಹಣ ಕೊಡಬಾರದು, ಇನ್ನೊಂದು ಫೋಟೊ ಕಳಿಸಬಾರದು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬಾರದು. ಬೆದರಿಕೆಯ ಸಾಲು, ಖಾತೆಯ ಹೆಸರು, ಪ್ರೊಫೈಲಿನ ಕೊಂಡಿ, ನಂಬರ್, ಹಣ ಕೇಳಿದ ಯುಪಿಐ ವಿಳಾಸ, ದಿನ, ಸಮಯ ಇವಿಷ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಉಳಿಸಬೇಕು. ಇದಾದ ಮೇಲೆಯೇ ಬ್ಲಾಕ್. ಅನೇಕರು ಗಾಬರಿಯಲ್ಲಿ ಮೊದಲು ಬ್ಲಾಕ್ ಮಾಡಿ ಚಾಟ್ ಅಳಿಸುತ್ತಾರೆ, ದೂರು ಕೊಡುವಾಗ ಕೈಯಲ್ಲಿ ಏನೂ ಇರುವುದಿಲ್ಲ.

ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಆರಂಭದ ಗಂಟೆಗಳಲ್ಲೇ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಪ್ರಾಣಭಯವಿದ್ದರೆ 112. ಹದಿನೆಂಟು ತುಂಬುವ ಮೊದಲಿನ ಫೋಟೊ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಫೋಟೊ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಫೋನಿನಲ್ಲೇ ಅದರ ಗುರುತಿನ ಸಂಕೇತ ತಯಾರಾಗಿ, ಸಂಕೇತ ಮಾತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಭಾಗವಹಿಸುವ ತಾಣಗಳಿಗೆ ತಲುಪುತ್ತದೆ, ಅವರು ಹೊಂದುವ ಚಿತ್ರ ತೆಗೆಯುತ್ತಾರೆ. ಗೂಢಲಿಪಿಯ ಖಾಸಗಿ ಚಾಟ್‌ಗಳೊಳಗೆ ಮಾತ್ರ ಇದು ಕೆಲಸ ಮಾಡದು.

ಶಿಕ್ಷಕರಿಗೆ ಎರಡು ಎಚ್ಚರಿಕೆ. ಮಗು ಹೇಳಿಕೊಳ್ಳಲು ಬಂದಾಗ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ, ತಿಳಿಸದಿದ್ದರೆ 21ನೇ ಕಲಂನಡಿ ಶಿಕ್ಷೆ ಇದೆ. ‘ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನಿ, ಅದರಂತೆ ನಡೆಯಿರಿ. ಎರಡನೆಯದು, ಆ ಚಿತ್ರವನ್ನು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಶಿಕ್ಷಕರ ಗುಂಪಿಗೆ ಹಾಕಬೇಡಿ. ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಳ್ಳುವುದೂ ದಾಟಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ, ಉದ್ದೇಶ ಒಳ್ಳೆಯದಿತ್ತು ಎಂದು ಆ ಚಿತ್ರ ಹರಡುವುದು ನಿಲ್ಲುವುದಿಲ್ಲ.

ಐದನೇ ಶನಿವಾರ: ಬಿಚ್ಚಿ ನೋಡಬಹುದಾದ ತಂತ್ರಾಂಶ

ಹಿಂದಿನ ದಿನವೇ ಎಂಟು ಕಂಪ್ಯೂಟರಿಗೂ ಒಂದು ಪುಟ್ಟ ಎಚ್‌ಟಿಎಂಎಲ್ ಕಡತ ಹಾಕಿಡಿ, ‘ನಿಮ್ಮ ಭವಿಷ್ಯ’ ಎಂಬ ಆಟ. ಇಷ್ಟದ ಬಣ್ಣ, ಇಷ್ಟದ ತಿಂಡಿ, ಒಂದರಿಂದ ಹತ್ತರೊಳಗಿನ ಸಂಖ್ಯೆ ಕೇಳಿ, ಗುಂಡಿ ಒತ್ತಿದರೆ ತಮಾಷೆಯ ಒಂದು ಸಾಲು ಹೇಳುತ್ತದೆ. ನಿಜವಾದ ಹೆಸರು, ಜನ್ಮದಿನ ಕೇಳಬೇಡಿ. ಇಪ್ಪತ್ತು ಸಾಲಿನ ಜಾವಾಸ್ಕ್ರಿಪ್ಟ್ ಸಾಕು. ಅದರಲ್ಲಿ ಒಂದು ಸಾಲು ಉತ್ತರಗಳನ್ನೆಲ್ಲ ಬ್ರೌಸರಿನ ಲೋಕಲ್ ಸ್ಟೋರೇಜಿಗೆ (ಆ ಕಂಪ್ಯೂಟರಿನಲ್ಲೇ ಇರುವ ಸಂಗ್ರಹಕ್ಕೆ) ಸದ್ದಿಲ್ಲದೆ ಬರೆದಿಡುತ್ತದೆ. ಶೀರ್ಷಿಕೆಯ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಸಂಗ್ರಹವಾದ ಪಟ್ಟಿ ತೋರಿಸುತ್ತದೆ. ತಲೆಭಾಗದಲ್ಲಿ ಯುಟಿಎಫ್-8 ಎಂದು ನಮೂದಿಸದಿದ್ದರೆ ಕನ್ನಡದ ಬದಲು ಚಿಹ್ನೆಗಳ ರಾಶಿ ಕಾಣುತ್ತದೆ. ಪ್ರೈವೇಟ್ ಕಿಟಕಿಯಲ್ಲಿ ತೆರೆದರೆ ಕಿಟಕಿ ಮುಚ್ಚಿದೊಡನೆ ಪಟ್ಟಿ ಮಾಯ, ಹಾಗಾಗಿ ಮಾಮೂಲು ಕಿಟಕಿಯಲ್ಲೇ ತೆರೆಯಿರಿ.

ಮಕ್ಕಳು ಹತ್ತು ನಿಮಿಷ ಆಡಲಿ. ಆಮೇಲೆ ಒಂದು ಯಂತ್ರದ ಹತ್ತಿರ ಹೋಗಿ ಶೀರ್ಷಿಕೆಯನ್ನು ಎರಡು ಸಲ ಕ್ಲಿಕ್ಕಿಸಿ. ಆ ಯಂತ್ರದಲ್ಲಿ ಆಡಿದವರೆಲ್ಲರ ಉತ್ತರವೂ ಸಾಲಾಗಿ ತೆರೆದುಕೊಂಡಾಗ ತರಗತಿಯಲ್ಲಿ ಗುಸುಗುಸು ಏಳುತ್ತದೆ. ಈಗ ಕಂಟ್ರೋಲ್ ಮತ್ತು ಯು ಒತ್ತಿಸಿ, ಮೂಲ ಸಂಕೇತದಲ್ಲಿ ಕದಿಯುವ ಸಾಲು ಯಾವುದು ಹುಡುಕಿ ಎನ್ನಿ. ಸಿಕ್ಕ ಮೇಲೆ ಕಡತವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಆ ಸಾಲು ಅಳಿಸಿ, ಭವಿಷ್ಯದ ವಾಕ್ಯಗಳನ್ನು ತಮಗೆ ಬೇಕಾದಂತೆ ಬದಲಿಸಿ, ಹೊಸ ಹೆಸರಿಟ್ಟು, ಪಕ್ಕದ ಗುಂಪಿಗೆ ಪೆನ್‌ಡ್ರೈವಿನಲ್ಲಿ ಕೊಡಲಿ. ಕೊನೆಗೆ ಸಂಗ್ರಹವಾದ ಉತ್ತರಗಳನ್ನು ಎಲ್ಲರ ಎದುರೇ ಅಳಿಸಿ.

ಬಳಸಿದರು, ಒಳಗೆ ನೋಡಿ ತಿದ್ದಿದರು, ಹಂಚಿದರು, ತಿದ್ದಿದ್ದನ್ನೂ ಹಂಚಿದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬೆಳೆದುಬಂದ ನಾಲ್ಕು ಸ್ವಾತಂತ್ರ್ಯಗಳು ಇವೇ. ವ್ಯಾಖ್ಯಾನವನ್ನು ಮೊದಲು ಹೇಳಿದರೆ ಬಾಯಿಪಾಠವಾಗುತ್ತದೆ, ಮಾಡಿದ ಮೇಲೆ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ನಂತರ ಕೇಳಿ: ಫೋನಿನ ಆ್ಯಪ್‌ಗಳಲ್ಲಿ ಇಂಥ ಸಾಲು ಇದ್ದರೆ ಹುಡುಕುವುದು ಹೇಗೆ? ಹಣ ಕೊಡದೆ ಸಿಗುವ ಆ್ಯಪ್‌ಗಳಲ್ಲಿ ಹೆಚ್ಚಿನವು ಒಳಗೆ ನೋಡಲು ಬಿಡುವುದಿಲ್ಲ. ಸ್ವತಂತ್ರ ತಂತ್ರಾಂಶ ಬಿಡುತ್ತದೆ. ಎಲ್ಲರೂ ಓದದಿದ್ದರೂ ಓದಬಲ್ಲ ಯಾರೋ ಒಬ್ಬರು ಕಂಡುಹಿಡಿಯಬಹುದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ಲಿನಕ್ಸ್ ಉಪಕರಣದೊಳಗೆ ಯಾರೋ ತೂರಿಸಿದ್ದ ಕಳ್ಳಬಾಗಿಲು ಬಯಲಾದದ್ದು ಹೀಗೆ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿ ಕಂಡುಹಿಡಿದರು. ಹಾಗೆಂದು ಸ್ವತಂತ್ರ ತಂತ್ರಾಂಶ ಹಾಕಿದೊಡನೆ ಎಲ್ಲ ಸುರಕ್ಷಿತ ಎನ್ನಬೇಡಿ: ಫೈರ್‌ಫಾಕ್ಸಿನಲ್ಲಿ ತೆರೆದ ಇನ್‌ಸ್ಟಾಗ್ರಾಂಗೆ ಬರೆದದ್ದು ಇನ್‌ಸ್ಟಾಗ್ರಾಂಗೇ ಹೋಗುತ್ತದೆ.

ಉಳಿದ ಹೊತ್ತಿನಲ್ಲಿ, ವಿಂಡೋಸ್ ಬದಲು ಬಳಸಬಹುದಾದ ಸ್ವತಂತ್ರ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವಿನಿಂದ ಓಡಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಲ್ಯಾಬಿನ ಹಳೆಯ ಯಂತ್ರಗಳಿಗೆ ಇದು ನಿಜಕ್ಕೂ ಉಪಯೋಗದ ಕೆಲಸ. 4 ಜಿಬಿ ರ್‍ಯಾಮ್ ಇದ್ದರೆ ಚೆನ್ನಾಗಿ ನಡೆಯುತ್ತದೆ. ಕಡತ ಇಳಿಸಿದ ಮೇಲೆ ಚೆಕ್‌ಸಮ್ (ಕಡತ ಪೂರ್ತಿ ಇಳಿದಿದೆಯೇ ಎಂದು ತಿಳಿಸುವ ಗುರುತಿನ ಸಂಕೇತ) ಹೊಂದಿಸಿ ನೋಡಿ, ಅರ್ಧಂಬರ್ಧ ಇಳಿದ ಕಡತ ಬೂಟ್ ಆಗುವಾಗ ನಡುವೆ ನಿಲ್ಲುತ್ತದೆ. ಬಲೇನಾ ಎಚರ್ ಅಥವಾ ವೆಂಟಾಯ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಯಂತ್ರ ಆನ್ ಆಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ.

ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಮೇಲಿಂದ ಮೇಲೆ ಕಾಡುವ ತೊಂದರೆ ಒಂದಿದೆ. ಲಿನಕ್ಸ್ ಚೆನ್ನಾಗಿ ತೆರೆದುಕೊಳ್ಳುತ್ತದೆ, ವೈಫೈ ಸಿಗುತ್ತದೆ, ಆದರೆ ಯಾವ ಜಾಲತಾಣ ತೆರೆದರೂ ಭದ್ರತೆಯ ಎಚ್ಚರಿಕೆ. ಮೂಲೆಯಲ್ಲಿ ತಾರೀಕು ನೋಡಿ, ಎಷ್ಟೋ ವರ್ಷ ಹಿಂದಿನದ್ದಿರುತ್ತದೆ. ಮದರ್‌ಬೋರ್ಡಿನ ಸಿಆರ್2032 ನಾಣ್ಯದಾಕಾರದ ಬ್ಯಾಟರಿ ಸತ್ತಿದೆ ಎಂದರ್ಥ. ಜಾಲತಾಣದ ಪ್ರಮಾಣಪತ್ರ ಆ ತಾರೀಕಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ, ಬ್ರೌಸರ್ ಒಪ್ಪುವುದಿಲ್ಲ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದನ್ನು ಮಕ್ಕಳಿಗೆ ತೋರಿಸಬೇಡಿ. ತಾರೀಕು ಸರಿಪಡಿಸಿ, ಬ್ಯಾಟರಿ ಬದಲಿಸಿ.

ಲಿನಕ್ಸಿನಲ್ಲಿ ಕನ್ನಡ ಬರೆಯಲು ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಪೊಟ್ಟಣ ಬೇಕು. ಕಗಪ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ, ನುಡಿಯಲ್ಲಿ ಟೈಪಿಂಗ್ ಕಲಿತ ಮೇಷ್ಟ್ರುಗಳಿಗೆ ಕಗಪ ಕೈಗೆ ಹೊಂದುತ್ತದೆ. ಪೆನ್‌ಡ್ರೈವಿನಿಂದ ಓಡಿಸುವಾಗ ಹಾಕಿದ್ದು ಯಂತ್ರ ಆಫ್ ಆದೊಡನೆ ಅಳಿಯುತ್ತದೆ, ಆದ್ದರಿಂದ ಒಂದು ಯಂತ್ರದಲ್ಲಾದರೂ ಪೂರ್ತಿ ಇನ್‌ಸ್ಟಾಲ್ ಮಾಡಿಡಿ. ಶಾಲೆಯ ಹಳೆಯ ನುಡಿ ಕಡತಗಳು ಲಿಬ್ರೆಆಫೀಸಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಡತ ಕೆಟ್ಟಿಲ್ಲ, ಯುನಿಕೋಡ್‌ಗೆ ಪರಿವರ್ತಿಸಬೇಕು ಅಷ್ಟೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಐಟಿ ಪಾಠ ನಡೆಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಮೇಲೆಯೇ, ಹಾಗಾಗಿ ಇದು ಮಕ್ಕಳಿಗೆ ಕಷ್ಟ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಮನೆಗೆಲಸ ಮತ್ತು ಮರುಪರಿಶೀಲನೆ

ಪ್ರತಿ ಮಗುವೂ ಮನೆಯ ದೊಡ್ಡವರೊಬ್ಬರ ಪಕ್ಕ ಕೂತು, ಅವರ ಕೈಯಲ್ಲೇ ಫೋನ್ ಇರುವಂತೆ, ಮೂರು ಕೆಲಸ ಮಾಡಿಸಲಿ: ವಾಟ್ಸ್ಆ್ಯಪಿನ ಟೂ-ಸ್ಟೆಪ್ ಪಿನ್ ಆನ್ ಮಾಡುವುದು, ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆಯುವುದು, ಸಂಚಾರ್ ಸಾಥಿ ತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ತಮ್ಮದಲ್ಲದ್ದನ್ನು ವರದಿ ಮಾಡುವುದು. ಪಿನ್ ಏನು ಎಂದು ಮಗು ಕೇಳುವಂತಿಲ್ಲ.

ಒಂದು ತಿಂಗಳ ನಂತರ ಅರ್ಧ ಗಂಟೆ ಮತ್ತೆ ಸೇರಿಸಿ. ಪರೀಕ್ಷೆ ಬೇಡ. ಹೆಸರು ಬರೆಯದ ಚೀಟಿಯಲ್ಲಿ ಎರಡೇ ಪ್ರಶ್ನೆ: ಮನೆಯಲ್ಲಿ ಯಾವ ಕೆಲಸ ಆಗಲಿಲ್ಲ, ಯಾಕೆ? ತೊಂದರೆಯಾದರೆ ನೀನು ಮೊದಲು ಹೇಳುವುದು ಯಾರಿಗೆ? ಎರಡನೆಯದಕ್ಕೆ ‘ಯಾರಿಗೂ ಇಲ್ಲ’ ಎಂಬ ಚೀಟಿ ಬಂದರೆ ಮಕ್ಕಳನ್ನು ಮತ್ತೆ ಕೂರಿಸುವ ಮೊದಲು ಪೋಷಕರ ಸಭೆ ಇನ್ನೊಮ್ಮೆ ಕರೆಯಿರಿ. ಮುಂದಿನ ತಂಡಕ್ಕೆ ಕಲಿಸುವ ಹಿಂದಿನ ವಾರ ಪಾಠದ ಫೋನನ್ನು ಅಪ್‌ಡೇಟ್ ಮಾಡಿ, ಮೆನುಗಳು ಜಾಗ ಬದಲಿಸಿವೆಯೇ ಎಂದು ನೋಡಿ, ಹಳೆಯ ಪದಪಟ್ಟಿಯನ್ನು ಬದಿಗಿಟ್ಟು ಹೊಸ ಮಕ್ಕಳಿಂದ ಹೊಸ ಪಟ್ಟಿ ಮಾಡಿಸಿ.